ಮೂಲಂಗಿಗೆ ಮಾತ್ರ ನೀರಿರಲಿಲ್ಲ

ನನ್ನದೇ ಮನೆಯ ಹಿತ್ತಲಿಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಒಂದು ಸಲ ಕೆಮ್ಮುವುದು ನನಗೆ ರೂಢಿಯಾಗಿಬಿಟ್ಟಿದೆ. ಗಂಟಲಲ್ಲಿ ಕೆರೆತವಿಲ್ಲ, ಹಿತ್ತಲಲ್ಲಿ ಜನರೂ ಇಲ್ಲ. ಅಲ್ಲಿರುವುದು ಕೆಲವು ಮಡಿ ಕಾಯಿಪಲ್ಲೆ, ಒಂದು ಲಿಂಬೆ, ಒಂದು ಪೇರಲ, ಎರಡು ಪಪಾಯಿ. ಬದನೆಗಿಡಗಳು ಸೆರಗು ಸರಿಮಾಡಿಕೊಳ್ಳಲಿ ಎಂದು ಯಾರೂ ಕೆಮ್ಮುವುದಿಲ್ಲ ಎಂಬುದು ನನಗೂ ಗೊತ್ತು. ಮೊನ್ನೆ ನಮ್ಮ ಶಾಲೆಗೆ ಹೊಸದಾಗಿ ಬಂದ ಟೀಚರು ಮನೆಗೆ ಬಂದಿದ್ದಳು. ಮೆಂತೆ ಕಿತ್ತು ಕೊಡೋಣವೆಂದು ಅವಳನ್ನು ಹಿಂದೆ ಕರೆದುಕೊಂಡು ಹೋದೆ. ಎಂದಿನಂತೆ ಕೆಮ್ಮಿದೆ.

"ಯಾರ ಅದಾರ್ರಿ ಹಿತ್ತಲದಾಗ?" ಎಂದು ಅವಳು ತಡೆದು ನಿಂತಳು.

"ಯಾರೂ ಇಲ್ಲವಾ."

"ಮತ್ತ ಕೆಮ್ಮಿದಿರಲ್ಲ?"

ಮೆಂತೆಯ ಬೆಲೆ ಸಂತೆಯಲ್ಲಿ ಎಷ್ಟಾಗಿದೆ ಎಂದು ಕೇಳಿ ಮಾತು ಮರೆಸಿದೆ. ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳುತ್ತೇನೆ. ನೀವು ನನ್ನ ಶಾಲೆಯವರಲ್ಲ, ನಾಳೆ ಸ್ಟಾಫ್ ರೂಮಿನಲ್ಲಿ ಎದುರು ಕೂರುವುದಿಲ್ಲ.

ನಾವು ಇಚಲಕರಂಜಿಯ ಒಂದು ಚಾಳಿನಲ್ಲಿ ಒಂದೂವರೆ ಖೋಲಿಯಲ್ಲಿ ಬಹಳ ವರ್ಷ ಇದ್ದವರು. ನಮ್ಮ ಮನೆಯವರು ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್. ನಾನು ಕನ್ನಡ ಶಾಲೆಯ ಟೀಚರು, ಊರಿಗೆಲ್ಲ 'ಬಾಯಾರು'. ಚಾಳಿನ ಗೋಡೆಯ ಆಚೆಗೇ ಮಗ್ಗಗಳು. ಹಗಲೂ ರಾತ್ರಿ ಖಟಾಖಟ ಸದ್ದು. ಚಹಾದ ಕಪ್ಪು ಬಸಿಯ ಮೇಲೆ ತಾನೇ ತಾನಾಗಿ ನಡುಗುತ್ತಿತ್ತು. ಕಿಟಕಿಯಲ್ಲಿ ಎಣ್ಣೆಯ ಡಬ್ಬಿ ಕತ್ತರಿಸಿ ಕೊತ್ತಂಬರಿ ಬೆಳೆಯುತ್ತಿದ್ದೆ. ಅದು ಹುಟ್ಟಿದಾಗಿನಿಂದ ನಡುಗುತ್ತಲೇ ಬೆಳೆದ ಕೊತ್ತಂಬರಿ; ಅದರ ಮೇಲೆ ಹತ್ತಿಯ ಧೂಳು ಮಂಜಿನಂತೆ ಕೂತಿರುತ್ತಿತ್ತು. ನಮ್ಮ ಬೆಕ್ಕು ಆ ಡಬ್ಬಿಯಲ್ಲೇ ಮಲಗುತ್ತಿತ್ತು. ಬೆಕ್ಕಿಗೆ ಚಾಳಿನ ಮರಾಠಿ ಮಕ್ಕಳು ಇಟ್ಟ ಹೆಸರು ಮನಿ. ನಮ್ಮ ಮಾತಿನಲ್ಲಿ ಮನಿ ಎಂದರೆ ಮನೆ. "ನಿನ್ನೆಯಿಂದ ಮನಿ ಕಾಣವಲ್ದು" ಎಂದು ನಾನು ಫೋನಿನಲ್ಲಿ ಹೇಳಿದರೆ ನನ್ನ ತವರಿನವರು ಗಾಬರಿಯಾಗುತ್ತಿದ್ದರು.

ಕೊನೆಗೂ ಯಡ್ರಾವದ ಅಂಚಿನಲ್ಲಿ ಈ ಮನೆ ಸಿಕ್ಕಿತು. ಮುಂದೆ ಓಣಿ, ಎಡಕ್ಕೆ ಮಗ್ಗದ ಶೆಡ್ಡಿನ ಕಿಟಕಿಯಿಲ್ಲದ ಗೋಡೆ, ಹಿಂದೆ ಹಿತ್ತಲು, ಹಿತ್ತಲ ಹಿಂದೆ ಒಂದು ಮರದ ಗೇಟು. ಗೇಟಿನಾಚೆ ಕಬ್ಬು. ಕಣ್ಣು ಹೋದಷ್ಟೂ ಕಬ್ಬು. ಮಾರಿದವರು ಜೈನರು, ತಲೆಮಾರುಗಳಿಂದ ಇದೇ ಊರಿನವರು. ಕಾಗದಕ್ಕೆ ಸಹಿ ಹಾಕಿದ ಮಗ ತಾವು ಜಯಸಿಂಗಪುರದಲ್ಲಿ ಇರುವುದಾಗಿ ಹೇಳಿ, ಮನೆಯ ಕೀಲಿಕೈ ಕೊಡುತ್ತಾ, "ಆಯಿ ಹೋದ ಮ್ಯಾಲ ಇಲ್ಲಿ ಯಾರೂ ಇಲ್ರಿ. ಹಿತ್ತಲದ ಮ್ಯಾಲ ಭಾಳ ಜೀವ ಇತ್ತು ಅವರದ್ದು" ಎಂದರು. ಆಯಿ ಎಂದರೆ ಅವರ ತಾಯಿ. ಪಕ್ಕದ ಮನೆಯ ಶಾಂತಾ ವಹಿನಿ ಕೂಡ ಮೊದಲ ದಿನವೇ ಬೇಲಿಯ ಮೇಲಿಂದ, "ಆಜಿ ಗೆಲ್ಯಾ" ಎಂದು ಮರಾಠಿಯಲ್ಲಿ ಹೇಳಿ ನಿಟ್ಟುಸಿರು ಬಿಟ್ಟಳು. ಅಜ್ಜಿ ಹೋದರು. ಪಡಸಾಲೆಯ ಗೋಡೆಯಲ್ಲಿ ಫೋಟೋ ಇರದ ಮೊಳೆಗೆ ಒಂದು ಗಂಧದ ಹಾರ ನೇತುಬಿದ್ದಿತ್ತು. ನಾನು ಅದನ್ನು ತೆಗೆದು ಕೈಮುಗಿದು ಹರಿಯುವ ನೀರಿಗೆ ಬಿಟ್ಟುಬಂದೆ.

ಮನೆಯ ಜೊತೆ ಒಂದು ನಾಯಿಯೂ ಬಂತು. ಹೆಸರು ಮೋತ್ಯಾ. ಕಂದು ಬಣ್ಣದ ಮುದಿ ಗಂಡುನಾಯಿ, ಆಯಿ ಸಾಕಿದ್ದು. ಅದು ನಮ್ಮನ್ನು ಒಮ್ಮೆ ಮೂಸಿ ನೋಡಿ, ಬಾಡಿಗೆಗೆ ಬಂದವರನ್ನು ಮಾಲೀಕ ನೋಡುವಂತೆ ನೋಡಿ, ಪೇರಲದ ಕೆಳಗೆ ಹೋಗಿ ಮಲಗಿತು. ಮನಿ ಮೂರು ದಿನ ಅಟ್ಟದಿಂದ ಇಳಿಯಲಿಲ್ಲ.

ಆ ಮಣ್ಣು ಎಂಥದ್ದು ಅಂತೀರಿ! ಕೈ ಹಾಕಿದರೆ ಕೈ ಒಳಗೇ ಹೋಗುತ್ತಿತ್ತು. ಗಡಹಿಂಗ್ಲಜದ ಹತ್ತಿರದ ತವರಿನಿಂದ ಬೀಜ ತರಿಸಿದೆ. ಬದನೆ, ಬೆಂಡೆ, ಪಾಲಕ, ಚಪ್ಪರಕ್ಕೆ ಹೀರೆ. ಲಿಂಬೆಗಿಡದ ಪಕ್ಕದ ಎರಡು ಮಡಿಗಳಲ್ಲಿ ಮೂಲಂಗಿ ಮತ್ತು ಗಜ್ಜರಿ ಹಾಕಿದೆ. ಚಾಳಿನ ಡಬ್ಬಿಯಲ್ಲಿ ಎಂದೂ ಬೇರು ಬಿಡಲಾಗದ ಆಸೆ ಅದು. ನಾನು ಬೀಜ ಊರುವಾಗ ಬೇಲಿಯಾಚೆ ನಿಂತಿದ್ದ ಶಾಂತಾ ವಹಿನಿ, "ಮುಳಾ? ಈ ಹಿತ್ತಲದಾಗ?" ಎಂದು ಹುಬ್ಬೇರಿಸಿದಳು. "ಯಾಕ್ರಿ?" ಅಂದೆ. "ಏನಿಲ್ಲ. ಆಜಿ ಗಡ್ಡಿ ಹಚ್ಚಾಕ ಬಿಡ್ತಿರ್ಲಿಲ್ಲ. ಮಣ್ಣಾಗಿನ ಜೀವ ಸಾಯತಾವ ಅಂತಿದ್ರು."

ಎರಡು ಎಲೆಯಾಯಿತು, ನಾಲ್ಕು ಎಲೆಯಾಯಿತು. ಬೇಸಿಗೆ ಬಂದು ಶಾಲೆ ಬೆಳಗಿನ ಹೊತ್ತಿಗೆ ಬದಲಾಯಿತು. ಮಧ್ಯಾಹ್ನ ಒಂದರ ಸುಮಾರಿಗೆ ನಾನು ಮನೆಗೆ ಬರುತ್ತಿದ್ದೆ. ಹಾಗೆ ಬಂದ ಒಂದು ದಿನ ಹಿತ್ತಲ ಬಾಗಿಲು ತೆರೆದರೆ ಹಸಿಮಣ್ಣಿನ ವಾಸನೆ ಮುಖಕ್ಕೆ ಹೊಡೆಯಿತು. ಬದನೆಯ ಬುಡ ಒದ್ದೆ. ಬೆಂಡೆಯ ಬುಡ ಒದ್ದೆ. ಹೀರೆ, ಪಾಲಕ, ಪಪಾಯಿ, ಎಲ್ಲದರ ಬುಡದಲ್ಲೂ ನೀರು ಇನ್ನೂ ಇಂಗುತ್ತಿತ್ತು.

ಮೂಲಂಗಿಗೆ ಮಾತ್ರ ನೀರಿರಲಿಲ್ಲ. ಗಜ್ಜರಿಗೂ ಇರಲಿಲ್ಲ. ಆ ಎರಡು ಮಡಿಗಳು ಒಣಗಿ ಬಿರುಕು ಬಿಟ್ಟಿದ್ದವು, ಯಾರೋ ಗೆರೆ ಎಳೆದು ಹೊರಗಿಟ್ಟ ಹಾಗೆ.

ಮನೆಯವರೇ ಬೆಳಿಗ್ಗೆ ಹಾಕಿ ಹೋಗಿರಬೇಕು ಅಂದುಕೊಂಡೆ. ಸಂಜೆ ಕೇಳಿದರೆ ಅವರು, "ನಾ ಎದ್ದದ್ದ ಏಳಕ್ಕ, ಹೋದದ್ದ ಏಳೂವರೆಕ್ಕ. ನೀರ ಎಲ್ಲಿ ಹಾಕ್ಲಿ?" ಅಂದರು. ಮರುದಿನವೂ ಹಾಗೇ. ಅದರ ಮರುದಿನ ಹೀರೆಯ ಬಳ್ಳಿ ಚಪ್ಪರದ ಗಳಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಕಟ್ಟಿದ್ದು ಬಿಳಿಯ ಹಳೇ ಸೀರೆಯ ಅಂಚು ಹರಿದು ಮಾಡಿದ ಪಟ್ಟಿಯಿಂದ. ನಮ್ಮ ಮನೆಯಲ್ಲಿ ಬಿಳಿ ಸೀರೆ ಇಲ್ಲ.

ಸುಡು ಮಧ್ಯಾಹ್ನ ಗಿಡಕ್ಕೆ ಯಾರೂ ನೀರು ಹಾಕುವುದಿಲ್ಲ. ಎಲೆ ಬೆಂದುಹೋಗುತ್ತದೆ ಎಂದು ಮೂರನೇ ಇಯತ್ತೆಯ ಮಕ್ಕಳಿಗೂ ಗೊತ್ತು, ನಾನೇ ಹೇಳಿಕೊಡುತ್ತೇನೆ. ಆ ಹೊತ್ತು ಯಾರ ಹೊತ್ತು ಎಂಬುದನ್ನು ನನಗೆ ಹೇಳಿಕೊಟ್ಟವಳು ನನ್ನ ಅಜ್ಜಿ. ಕುಂಬಳದ ಹೀಚಿಗೆ ಬೆರಳು ತೋರಿಸಿದರೆ ಅದು ಕೊಳೆಯುತ್ತದೆ, ಬೆರಳು ಮಡಚಿ ತೋರಿಸಬೇಕು ಎನ್ನುತ್ತಿದ್ದ ಅಜ್ಜಿ. ಈಗಲೂ ನಾನು ತರಗತಿಯಲ್ಲಿ ಸಣ್ಣ ಮಕ್ಕಳನ್ನು ಬೆರಳು ಮಡಚಿಯೇ ಎಣಿಸುತ್ತೇನೆ. "ರಾತ್ರಿಗೆ ಅಂಜಬ್ಯಾಡ" ಎನ್ನುತ್ತಿದ್ದಳು ಅವಳು. "ರಾತ್ರಿ ಮಂದಿ ಮನ್ಯಾಗ ಇರ್ತಾರ, ದೀಪ ಇರತೈತಿ. ಮಟಮಟ ಮಧ್ಯಾಹ್ನಕ್ಕ ಅಂಜು. ಆವಾಗ ಓಣಿ ಖಾಲಿ, ನೆರಳ ಸುದ್ದಾ ಇರಾಂಗಿಲ್ಲ. ಹೋದಾವ್ರು ತಿರುಗಿ ಬರೂ ಹೊತ್ತು ಅದು."

ದೆವ್ವ ಭೂತ ಎಲ್ಲ ಸುಳ್ಳು ಎಂದು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುವವಳು ನಾನು. ಆದ್ದರಿಂದ ಯಾರಿಗೂ ಹೇಳಲಿಲ್ಲ. ಶಾಂತಾ ವಹಿನಿಯನ್ನು ಮಾತ್ರ ಅಡ್ಡದಾರಿಯಲ್ಲಿ ಕೇಳಿದೆ: "ಆಜಿ ನೋಡಾಕ ಹ್ಯಾಂಗ ಇದ್ದರ್ರಿ?"

"ಸಣ್ಣ ಜೀವ. ಯಾವಾಗ್ಲೂ ಬಿಳಿ ಸೀರಿ, ಕೈಯಾಗ ತಂಬಿಗಿ. ಗಿಡದ ಜೋಡಿ ಮಾತಾಡ್ಕೋತ ಇರ್ತಿದ್ರು" ಎಂದಳು ಅವಳು. ನನ್ನ ಕೈಯಲ್ಲಿದ್ದ ಬೆಂಡೆಕಾಯಿ ಕೆಳಗೆ ಬಿತ್ತು.

ಆಮೇಲೆ ನಾನು ಪ್ರಾಣಿಗಳನ್ನು ಗಮನಿಸತೊಡಗಿದೆ. ಮನಿ ಈಗ ಹಿತ್ತಲಿಗೆ ಇಳಿಯುತ್ತಿದ್ದಳು, ಆದರೆ ನಾನು ಮನೆಗೆ ಬರುವ ಹೊತ್ತಿಗೆ ಪ್ರತಿದಿನ ನೀರಿನ ತೊಟ್ಟಿಯ ಮೇಲೆ ಹತ್ತಿ, ಬಾಲ ಬಾಟಲಿ ತೊಳೆಯುವ ಬ್ರಶ್ಶಿನಂತೆ ಉಬ್ಬಿಸಿ ಕೂತಿರುತ್ತಿದ್ದಳು. ಮೋತ್ಯಾ ಗೇಟಿನ ಕಡೆ ಮುಖ ಮಾಡಿ ನಿಂತಿರುತ್ತಿತ್ತು. ಗೇಟು ಮುಚ್ಚಿದೆ. ಅಲ್ಲಿ ಯಾರೂ ಇಲ್ಲ. ಮೋತ್ಯಾ ಬಾಲ ಅಲ್ಲಾಡಿಸುತ್ತಿತ್ತು. ಅದರ ಬೊಗಳುವಿಕೆಗೆ ನಾನು ಹೆದರುತ್ತಿರಲಿಲ್ಲ. ಆ ಬಾಲಕ್ಕೆ ಹೆದರಿದೆ. ಖಾಲಿ ಜಾಗಕ್ಕೆ ನಾಯಿಯೊಂದು ಅಷ್ಟು ಪ್ರೀತಿಯಿಂದ ಬಾಲ ಅಲ್ಲಾಡಿಸುವುದನ್ನು ನೀವು ನೋಡಿರಲಿಕ್ಕಿಲ್ಲ.

ಮನೆಯವರಿಗೆ ಹೇಳಿದೆ. ಅವರು ರೊಟ್ಟಿ ಮುರಿಯುತ್ತಾ, "ಬದನಿಕಾಯಿಗೆ ನೀರ ಹಾಕೂ ದೆವ್ವ ಇದ್ರ ಇರ್ಲಿ ಬಿಡ. ನನ್ನ ಬೆನ್ನ ನೋವು ತಪ್ಪತೈತಿ" ಅಂದರು.

"ನಗಬ್ಯಾಡ್ರಿ. ಮೂಲಂಗಿಗೆ ಹಾಕಾಂಗಿಲ್ಲ ಅದು. ಗಡ್ಡಿ ತಿನ್ನದ ದೆವ್ವ."

"ಹಂಗಾರ ಉಳ್ಳಾಗಡ್ಡಿ ಹೊಸ್ತಿಲಕ್ಕ ಕಟ್ಟು, ಮನ್ಯಾಗ ಬರಾಂಗಿಲ್ಲ" ಎಂದು ಅವರು ನಕ್ಕರು. ನಾನು ಮರುದಿನ ನಿಜವಾಗಿಯೂ ಕಟ್ಟಿದೆ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ.

ಬೇಸಿಗೆ ರಜೆಯ ಮೊದಲ ದಿನ. ಅಂದು ನಮ್ಮ ಓಣಿಯ ಮಗ್ಗಗಳಿಗೆ ವಾರದ ಕರೆಂಟ್ ರಜೆ. ಮನೆಯವರ ಶೆಡ್ಡಿಗೆ ಬೇರೆ ದಿನ, ಅವರು ಕೆಲಸಕ್ಕೆ ಹೋಗಿದ್ದರು. ಮಗ್ಗದ ಸದ್ದಿನಲ್ಲೇ ಬದುಕಿದವರಿಗೆ ಅದು ನಿಂತ ದಿನ ಕಿವಿಯೊಳಗೆ ಏನೋ ಸುರಿದಂತೆ ಆಗುತ್ತದೆ. ನಮ್ಮ ಉಸಿರೇ ನಮಗೆ ಕೇಳುತ್ತದೆ. ಅಡುಗೆಮನೆಯ ಕಿಟಕಿಯ ಹಿಂದೆ ಸ್ಟೂಲು ಹಾಕಿಕೊಂಡು ಕೂತೆ. ಬಿಸಿಲು ಎಷ್ಟಿತ್ತೆಂದರೆ ಹಿತ್ತಲು ಬಣ್ಣ ಕಳೆದುಕೊಂಡು ಬೆಳ್ಳಗೆ ಕಾಣುತ್ತಿತ್ತು. ಕಬ್ಬಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಹನ್ನೆರಡು ದಾಟಿತು. ಮಲಗಿದ್ದ ಮೋತ್ಯಾ ಎದ್ದಿತು. ಮನಿ ತೊಟ್ಟಿಯ ಮೇಲೆ ಹಾರಿದಳು. ಗೇಟಿನ ಚಿಲಕ ಸದ್ದಿಲ್ಲದೆ ಮೇಲೆದ್ದಿತು.

ಬಿಳಿ ಸೀರೆ. ತಲೆಯ ಮೇಲೆ ಸೆರಗು. ಬರಿಗಾಲು. ತೊಟ್ಟಿಯಿಂದ ತಂಬಿಗೆಯಲ್ಲಿ ನೀರು ಮೊಗೆದು, ಬದನೆಯ ಬುಡಕ್ಕೆ ಬಗ್ಗಿ, ನೆಲಕ್ಕೆ ನೋವಾಗದ ಹಾಗೆ ಹೊಯ್ಯುತ್ತಾ ಅವರು ಒಂದೊಂದೇ ಮಡಿ ದಾಟಿ ಬಂದರು. ಮೂಲಂಗಿಯ ಹತ್ತಿರ ಬಂದಾಗ ಸೀರೆಯ ನಿರಿ ಎತ್ತಿ ಹಿಡಿದು ಸುತ್ತು ಹಾಕಿ ಹೋದರು. ತುಟಿಗಳು ಅಲುಗುತ್ತಿದ್ದವು, ದನಿ ಇರಲಿಲ್ಲ. ಆಮೇಲೆ ಚಪ್ಪರದ ಕೆಳಗೆ ಬಂದು ಮುಖ ಎತ್ತಿ ನೇರವಾಗಿ ನನ್ನ ಕಿಟಕಿಯನ್ನು ನೋಡಿದರು. ನನ್ನನ್ನೇ ನೋಡಿದರು. ತಂಬಿಗೆ ಕೆಳಗಿಟ್ಟು, ಎರಡೂ ಕೈ ಜೋಡಿಸಿ, ನಿಧಾನವಾಗಿ ನಮಸ್ಕಾರ ಮಾಡಿದರು.

ನಾನು ಸ್ಟೂಲಿನಿಂದ ಜಾರಿ ಗೋಡೆಗೆ ಒರಗಿ ಕೂತೆ. ಎಷ್ಟು ಹೊತ್ತಿಗೆ ಧೈರ್ಯ ಮಾಡಿ ಬಾಗಿಲು ತೆರೆದೆನೋ! ಹಿತ್ತಲಲ್ಲಿ ಒದ್ದೆ ಮಡಿಗಳು, ಮುಚ್ಚಿದ ಗೇಟು, ಬಾಲ ಅಲ್ಲಾಡಿಸುವ ಮೋತ್ಯಾ. ನೆಲದ ಮೇಲೆ ಮಕ್ಕಳದ್ದೆನ್ನಬಹುದಾದಷ್ಟು ಪುಟ್ಟ ಹೆಜ್ಜೆಗಳು ನನ್ನ ಕಣ್ಣೆದುರೇ ಆರಿ ಇಲ್ಲವಾಗುತ್ತಿದ್ದವು.

ಅಂದು ಸಂಜೆ ಹಟ ಹಿಡಿದು ಮನೆಯವರಿಂದ ಗೇಟಿಗೆ ಬೀಗ ಹಾಕಿಸಿದೆ. "ಸತ್ತಾವ್ರಿಗೆ ಬೀಗ ಏನ್ ಮಾಡತೈತಿ?" ಎಂದು ಅವರು ಕೇಳಿದರು. ಸರಿಯಾದ ಪ್ರಶ್ನೆ. ಆ ಪ್ರಶ್ನೆಯನ್ನು ನಾನೇ ಕೇಳಿಕೊಂಡಿದ್ದರೆ ಮುಂದಿನದ್ದು ಆಗುತ್ತಿರಲಿಲ್ಲ. ಹೆದರಿದ ಮನಸ್ಸು ಪ್ರಶ್ನೆ ಕೇಳುವುದಿಲ್ಲ, ಬೀಗ ಹುಡುಕುತ್ತದೆ.

ಮರುದಿನ ಮೋತ್ಯಾನನ್ನು ಅಡುಗೆಮನೆಯ ಬಾಗಿಲಿಗೆ ಕಟ್ಟಿ, ಕಿಟಕಿ ಮುಚ್ಚಿ ಒಳಗೆ ಕೂತೆ. ಮಗ್ಗಗಳು ಮತ್ತೆ ಶುರುವಾಗಿದ್ದವು. ಆದರೂ ಆ ಸದ್ದಿನ ನಡುವೆ ಇನ್ನೊಂದು ಸದ್ದು ಬೇರೆಯಾಗಿ ಕೇಳಿತು. ಚಿಲಕದ್ದು. ಒಮ್ಮೆ ಅಲುಗಿತು, ನಿಂತಿತು. ಮತ್ತೆ ಅಲುಗಿತು. ಮೂರನೆಯ ಸಲ ಬಹಳ ಹೊತ್ತು, ಬೇಡಿಕೊಳ್ಳುವವರ ಹಾಗೆ. ನಾನು ಎರಡೂ ಕಿವಿ ಮುಚ್ಚಿಕೊಂಡು ಬಾಯಿಗೆ ಬಂದ ದೇವರ ಹೆಸರು ಹೇಳುತ್ತಿದ್ದೆ. ಕೈ ತೆಗೆದಾಗ ಚಿಲಕದ ಸದ್ದಿರಲಿಲ್ಲ. ಮೋತ್ಯಾ ಊಳಿಡುತ್ತಿತ್ತು. ಹಗ್ಗವನ್ನು ಕುತ್ತಿಗೆ ಕೊಯ್ಯುವಂತೆ ಜಗ್ಗುತ್ತಾ, ಗೇಟಿನ ಕಡೆಗಲ್ಲ, ಅದರ ಪಕ್ಕದ ಬೇಲಿಯಾಚೆಯ ಕಬ್ಬಿನ ಕಡೆಗೆ ಮುಖ ಮಾಡಿ ಊಳಿಡುತ್ತಿತ್ತು. ಗೆದ್ದೆ ಅಂದುಕೊಂಡೆ. ಹೋಯಿತು ಅಂದುಕೊಂಡೆ.

ಒಂದು ತಾಸಿನ ಮೇಲೆ ಮುಂಬಾಗಿಲು ಬಡಿದರು. ಬಾಗಿಲಲ್ಲಿ ಬೆವರಿಳಿಯುತ್ತಿದ್ದ ಒಬ್ಬ ಹೆಂಗಸು, ಚಪ್ಪಲಿಯಿಲ್ಲದ ಕಾಲು.

"ಬಾಯಾರ, ನಾ ಸುಜಾತಾ. ನಿಮಗ ಮನಿ ಮಾರಿದ್ರಲ್ರಿ, ಅವರ ಹೆಂಡ್ತಿ. ನಮ್ಮ ಅತ್ತಿ ಇತ್ತ ಬಂದಾರೇನ್ರಿ? ಆಯಿ?"

"ಯಾವ ಆಯಿ? ಅವರು ತೀರಿಕೊಂಡಾರಲ್ಲ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ಅಯ್ಯ, ಬಿಡ್ತು ಅನ್ರಿ! ಯಾರ ಹೇಳಿದ್ರು ನಿಮಗ?"

"ನಿಮ್ಮ ಮನೆಯವರ ಅಂದ್ರಲ್ಲ, ಆಯಿ ಹೋದ ಮ್ಯಾಲ ಅಂತ..."

"ಜಯಸಿಂಗಪುರಕ್ಕ ಹೋದ ಮ್ಯಾಲ್ರಿ! ಅಲ್ಲಿ ಅವರು ಉಣ್ಣಲಿಲ್ಲ, ಮಲಗಲಿಲ್ಲ. ಅದಕ್ಕ ಎರಡ ತಿಂಗಳ ಹಿಂದ ಇಲ್ಲೇ, ಕಬ್ಬಿನ ಆಚೀ ಕಡೆ ನಮ್ಮ ಶೆಡ್ಡಿನ ಮ್ಯಾಲಿನ ಖೋಲಿಗೆ ಬಂದೇವ್ರಿ. ತಲಿ ಸುದ್ದ ಇಲ್ಲ ಅವರದ್ದು, ಎಲ್ಲಾ ಮರೀತಾರ. ಮಧ್ಯಾಹ್ನ ಮಲಗ್ಯಾರ ಅಂತ ತಿಳಿದಿದ್ದೆ. ಇವತ್ತ ನೋಡಿದ್ರ ಹಾಸಿಗಿ ಖಾಲಿ."

ಹೋದರು ಎಂಬ ಒಂದೇ ಮಾತಿನ ಮೇಲೆ ಜೀವಂತ ಮನುಷ್ಯರನ್ನು ನಾನು ಸಾಯಿಸಿ, ಹಾರ ನೀರಿಗೆ ಬಿಟ್ಟು ಬಂದಿದ್ದೆ. ಆ ಹಾರ ಅವರ ಗಂಡನ ಫೋಟೋದ್ದು ಎಂಬುದು ಆಮೇಲೆ ತಿಳಿಯಿತು. ಬೀಗದ ಕೈ ಹುಡುಕುವುದಕ್ಕೆ ಅರ್ಧ ನಿಮಿಷವಾದರೂ ಹಿಡಿದಿರಬೇಕು. ಮೋತ್ಯಾನ ಹಗ್ಗ ಬಿಚ್ಚಿದೆ. ಅದು ನನ್ನನ್ನು ಬೀಳಿಸಿಯೇ ಗೇಟು ದಾಟಿತು.

ಕಬ್ಬಿನೊಳಗೆ ಹೊಕ್ಕವರಿಗೆ ಗೊತ್ತು, ಅಲ್ಲಿ ದಿಕ್ಕಿಲ್ಲ, ಗಾಳಿ ಇಲ್ಲ. ಎಲೆ ಮುಖವನ್ನು ಗೀರುತ್ತದೆ. ಸುಜಾತಾ "ಆಯೀ" ಎಂದು ಕೂಗಿದರೆ ಆ ಕೂಗು ಎರಡು ಮಾರು ಹೋಗಿ ಸತ್ತುಬೀಳುತ್ತಿತ್ತು. ಮುಂದೆ ಎಲ್ಲೋ ಮೋತ್ಯಾ ಬೊಗಳಿತು. ಆ ದನಿಯ ಬೆನ್ನು ಹತ್ತಿ ಹೋದೆವು. ಒಂದು ಸಾಲಿನಲ್ಲಿ ಅವರು ಪಕ್ಕಕ್ಕೆ ವಾಲಿ ಕೂತಿದ್ದರು. ಕಣ್ಣು ಅರೆ ತೆರೆದಿತ್ತು. ತುಟಿ ಸೀಳಿತ್ತು. ಖಾಲಿ ತಂಬಿಗೆ ತೊಡೆಯ ಮೇಲಿತ್ತು. ನಾಯಿ ಅವರ ಅಂಗಾಲು ನೆಕ್ಕುತ್ತಿತ್ತು.

ನಾನು ಓಡಿಹೋಗಿ ಬಾಟಲಿಯಲ್ಲಿ ನೀರು ತಂದು ಬಾಯಿಗೆ ಹಿಡಿದೆ. ಆ ಸ್ಥಿತಿಯಲ್ಲೂ ಆಯಿ ಮುಖ ತಿರುಗಿಸಿದರು. ಮತ್ತೆ ಹಿಡಿದೆ, ಮತ್ತೆ ತಿರುಗಿಸಿದರು. ಸುಜಾತಾ, "ಸೋಸದ ನೀರ ಕುಡ್ಯಾಂಗಿಲ್ರಿ ಅವರು" ಎಂದು ಬಾಟಲಿ ಕಸಿದುಕೊಂಡು ತಂಬಿಗೆಯ ಬಾಯಿಗೆ ತನ್ನ ಸೆರಗನ್ನು ಬಿಗಿಯಾಗಿ ಹಿಡಿದು, ಅದರ ಮೂಲಕ ನೀರು ಸೋಸಿ ಕೊಟ್ಟಳು. ಆಗ ಕುಡಿದರು. ಗುಟುಕು ಗುಟುಕಾಗಿ, ಶಬ್ದವಾಗುವ ಹಾಗೆ. ನಾನು ಅಷ್ಟು ಹೊತ್ತು ಬಿಗಿಹಿಡಿದ ಅಳು ಅಲ್ಲೇ ಒಡೆಯಿತು.

ಅವರು ಬದುಕಿದರು. ದವಾಖಾನೆಯಲ್ಲಿ ಎರಡು ದಿನ ಸಲೈನು ಹಾಕಿದರು. ಇನ್ನೊಂದು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ದವಾಖಾನೆಯ ಮೆಟ್ಟಿಲ ಮೇಲೆ ಕೂತಿದ್ದಾಗ ಸುಜಾತಾ ಕೇಳಿದಳು: "ಗೇಟ ಬಡದಿದ್ರೇನ್ರಿ ಅವರು? ನಿಮಗೇನಾರ ಸಪ್ಪಳ ಕೇಳ್ತೇನು?"

"ಇಲ್ಲವಾ, ಮಗ್ಗದ ಗದ್ದಲದಾಗ ಏನೂ ಕೇಳಾಂಗಿಲ್ಲ" ಅಂದೆ.

ಈ ಸುಳ್ಳನ್ನು ಇಂದಿಗೂ ಅವಳ ಮುಂದೆ ತಿದ್ದಿಲ್ಲ.

ಆಮೇಲೆ ಒಂದು ಒಪ್ಪಂದವಾಯಿತು. ಬೀಗ ಬಾವಿಗೆ ಹೋಯಿತು. ಪ್ರತಿದಿನ ಹನ್ನೆರಡಕ್ಕೆ ಸುಜಾತಾ ಆಯಿಯನ್ನು ಕರೆತಂದು ಗೇಟಿನೊಳಗೆ ಬಿಟ್ಟು, ಎರಡು ತಾಸಿನ ಮೇಲೆ ಬಂದು ಕರೆದೊಯ್ಯುತ್ತಿದ್ದಳು. ಸುಡು ಮಧ್ಯಾಹ್ನವೇ ಏಕೆ ಎಂಬುದಕ್ಕೂ ಉತ್ತರ ಸಿಕ್ಕಿತು: ಹಿಂದೆ ಈ ಓಣಿಗೆ ನಳದ ನೀರು ಬರುತ್ತಿದ್ದದ್ದು ಹನ್ನೆರಡಕ್ಕೆ. ತಲೆ ಮರೆತದ್ದನ್ನು ಕಾಲು ಮರೆತಿರಲಿಲ್ಲ. ಶಾಲೆ ಇರುವ ದಿನಗಳಲ್ಲಿ ಶಾಂತಾ ವಹಿನಿ ಬೇಲಿಯಾಚೆಯಿಂದ ಒಂದು ಕಣ್ಣಿಡುತ್ತಿದ್ದಳು. ಮನಿ ಕೂಡ ತೊಟ್ಟಿಯಿಂದ ಇಳಿದು ಆಯಿಯ ನೆರಿಗೆಯ ಮೇಲೆ ಮಲಗತೊಡಗಿದಳು. ಇಷ್ಟಾದ ಮೇಲೆ ಹೆದರಿಕೆ ಹೋಗಬೇಕಿತ್ತು, ಅಲ್ಲವೇ?

ಹೋಗಲಿಲ್ಲ. ಯಾಕೆಂದರೆ ನಾನು ಹಿತ್ತಲಿಗೆ ಕಾಲಿಟ್ಟ ತಕ್ಷಣ ಆಯಿ ಬೆಚ್ಚಿಬೀಳುತ್ತಿದ್ದರು. ತಂಬಿಗೆ ಕೈಯಿಂದ ಜಾರುತ್ತಿತ್ತು. ನನ್ನ ಕಾಲುಗಳ ಕಡೆ ನೋಡಿ, ದೂರದಿಂದಲೇ ಕೈಮುಗಿದು ಸರಿದು ನಿಲ್ಲುತ್ತಿದ್ದರು. ನನ್ನಿಂದ ಏನು ತಪ್ಪಾಯಿತು ಎಂದು ಸುಜಾತಾಳನ್ನು ಕೇಳಿದೆ. ಅವಳು ನಗುವೋ ಸಂಕೋಚವೋ ತಿಳಿಯದ ಮುಖದಲ್ಲಿ ಹೇಳಿದಳು.

"ತಪ್ಪ ತಿಳ್ಕೋಬ್ಯಾಡ್ರಿ ಬಾಯಾರ. ಮನಿಗೆ ಬಂದ ಕೂಡ್ಲೇ ದಿನಾ ಹೇಳ್ತಾರ, ನಮ್ಮ ಹಳೀ ಮನ್ಯಾಗ ಒಂದ ಹೆಂಗಸಿನ ಜೀವ ಐತಿ, ಅಡಗಿಮನಿ ಕಿಡಕ್ಯಾಗ ಮುಖ ಅಷ್ಟ ಕಾಣತೈತಿ ಅಂತ. ಪಾಪ, ಯಾರಿಗೂ ತ್ರಾಸ ಕೊಡಾಂಗಿಲ್ಲ, ಎಲ್ಲಿಗೆ ಹೋಗಬೇಕು ತಿಳೀದ ಉಳಕೊಂಡೈತಿ ಅಂತಾರ."

ಆ ದಿನದಿಂದ ನಾನು ಬಾಗಿಲಲ್ಲಿ ನಿಂತು ಕೆಮ್ಮತೊಡಗಿದೆ. ದೆವ್ವವೇ ಆಗಿದ್ದರೂ ಹೇಳಿ ಬರುವ ದೆವ್ವವಾಗಿರಲಿ ಎಂದು. ಮೆಲ್ಲಮೆಲ್ಲನೆ ಅವರು ಬೆಚ್ಚುವುದು ಕಡಿಮೆಯಾಯಿತು. ಕೆಮ್ಮು ಕೇಳಿದರೆ ಸೆರಗು ಸರಿಮಾಡಿಕೊಂಡು, ನಾನು ದಾಟಿಹೋಗುವಷ್ಟು ದಾರಿ ಬಿಡುತ್ತಿದ್ದರು. ನನ್ನ ಮೂಲಂಗಿಗೆ ನಾನೇ ನೀರು ಹಾಕುತ್ತಿದ್ದೆ. ಅವರು ಕಣ್ಣು ಬೇರೆ ಕಡೆ ತಿರುಗಿಸುತ್ತಿದ್ದರು. ಕಿತ್ತ ಮೂಲಂಗಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡುವಾಗ, ಈ ಮನೆ ನನ್ನ ಹೆಸರಿನಲ್ಲಿದೆ ಎಂಬುದು ನನಗೇ ನೆನಪಿರುತ್ತಿರಲಿಲ್ಲ. ಮುಂದಿನ ಹಂಗಾಮಿಗೆ ಆ ಎರಡು ಮಡಿಗಳಲ್ಲಿ ಟೊಮ್ಯಾಟೊ ಹಾಕಿದೆ. ಅಂದು ಆಯಿ ಅಲ್ಲಿಗೂ ನೀರು ಹೊಯ್ದರು.

ಆಯಿ ಈಗಿಲ್ಲ. ಕಳೆದ ಮಳೆಗಾಲದಲ್ಲಿ, ಮಗ ಸೊಸೆ ಹತ್ತಿರವಿರುವಾಗ, ನಿದ್ದೆಯಲ್ಲೇ ಹೋದರು. ಈ ಸಲ ನಾನು ಸುಜಾತಾಳನ್ನು ಎರಡೆರಡು ಬಾರಿ ಕೇಳಿ ಖಚಿತಮಾಡಿಕೊಂಡೆ. ಅವರ ಹಿತ್ತಲ ಪೇರಲದ ಹಣ್ಣುಗಳನ್ನೇ ಒಯ್ದು ಪಾದದ ಹತ್ತಿರ ಇಟ್ಟು ಬಂದೆ. ಆದರೆ ನಾನು ನಿಮಗೆ ಹೇಳಬೇಕೆಂದದ್ದು ಆ ಸಾವನ್ನಲ್ಲ. ಅದಕ್ಕೆ ಸ್ವಲ್ಪ ಹಿಂದಿನ, ಮೇ ತಿಂಗಳ ಒಂದು ಮಧ್ಯಾಹ್ನವನ್ನು.

ಅಂದು ನಾನು ತೊಟ್ಟಿಯ ತಳ ತೊಳೆಯುತ್ತಿದ್ದೆ. ಪೇರಲದ ಕೆಳಗೆ ಕೂತಿದ್ದ ಆಯಿ ಮೊದಲ ಸಲ ನನ್ನನ್ನು ಕೈಸನ್ನೆ ಮಾಡಿ ಕರೆದರು. ಹೋಗಿ ಎದುರು ನಿಂತೆ. ನನ್ನ ಕೈ ಹಿಡಿದುಕೊಂಡರು. ಅವರ ಅಂಗೈ ಬಿಸಿಲಿನಲ್ಲಿ ಕಾದ ಹೆಂಚಿನಂತಿತ್ತು.

"ಎಷ್ಟ ತಣ್ಣಗೈತಿ ನಿನ್ನ ಕೈ" ಎಂದು ನಿಟ್ಟುಸಿರಿಟ್ಟರು. "ಒಂದ ಕೇಳ್ತೇನಿ, ಸಿಟ್ಟ ಮಾಡ್ಕೋಬ್ಯಾಡ ಮಗಳ."

"ಕೇಳ್ರಿ ಆಯಿ."

"ನೀ ಯಾವಾಗ ತೀರಿಕೊಂಡಿ?"

ನಾನು ಜೀವಂತ ಇದ್ದೇನೆ ಎನ್ನುವುದು ಬಹಳ ಸುಲಭದ ಮಾತು ಅನಿಸಬಹುದು ನಿಮಗೆ. ಅಷ್ಟು ಕರುಣೆಯಿಂದ ಕೇಳಿದವರ ಮುಂದೆ, ಆ ಹೊತ್ತಿನಲ್ಲಿ, ಒಮ್ಮೆ ಹೇಳಿ ನೋಡಿ. ಬಾಯಿಗೆ ಬರುವ ಮುಂಚೆಯೇ ಅದು ಸುಳ್ಳಿನ ಹಾಗೆ ಕೇಳುತ್ತದೆ.

"ಗೊತ್ತಿಲ್ರಿ ಆಯಿ" ಎಂದೆ.

ಅವರು ತಲೆಯಾಡಿಸಿದರು. ಆ ಉತ್ತರವನ್ನು ನಿರೀಕ್ಷಿಸಿದ್ದವರಂತೆ ನನ್ನ ಕೈಯನ್ನು ತಮ್ಮೆರಡೂ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜಿದರು.

"ಗೊತ್ತಾಗಾಂಗಿಲ್ಲ ಯವ್ವಾ. ನನಗೂ ಮೊದಮೊದಲ ಗೊತ್ತಾಗಲಿಲ್ಲ. ಯಾರೂ ಬಾಯಿಬಿಟ್ಟ ಹೇಳಲಿಲ್ಲ. ಒಂದಿನ ಬಂದ ನೋಡ್ತೇನಿ, ನನ್ನ ಮನ್ಯಾಗ ಬ್ಯಾರೇದಾವ್ರ ಸಪ್ಪಳ. ಆವಾಗ ತಿಳೀತು." ಸುತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅಂಜಬ್ಯಾಡ. ನೀರೈತಿ, ಗಿಡ ಅದಾವ. ಇಬ್ಬರ ಇದ್ರ ಹೊತ್ತ ಹೋಗತೈತಿ."

ನಾನು ನನ್ನ ನೆರಳಿಗಾಗಿ ನೆಲ ನೋಡಿದೆ. ಸೂರ್ಯ ನೆತ್ತಿಯ ಮೇಲಿದ್ದ; ಇದ್ದರೆ ಅದು ಪಾದದ ಅಡಿಯಲ್ಲೆಲ್ಲೋ ಇದ್ದಿರಬೇಕು. ಆಯಿ ಪಕ್ಕದ ನೆಲವನ್ನು ಅಂಗೈಯಿಂದ ಸವರಿ, ಎಲೆಗಳನ್ನು ಸರಿಸಿ ನನಗೆ ಜಾಗ ಮಾಡಿದರು. ಕೂತೆ.